ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್: ಬದಲಿಸುವ ಮೊದಲು ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ದುಡಿಯುವ ಬೈಕುಗಳಲ್ಲಿ ಎಂಜಿನ್ನಿಗಿಂತ ಮೊದಲು ಹಿಂದಿನ ಶಾಕ್ ಅಬ್ಸಾರ್ಬರ್ ಸೋಲುವುದೇ ಹೆಚ್ಚು. ಸಂಡೂರು, ದೋಣಿಮಲೆ ಕಡೆ ಅದಿರಿನ ಲಾರಿಗಳು ಕಿತ್ತುಹಾಕಿದ ಡಾಂಬರು ಮತ್ತು ಎಲ್ಲ ಸಂದಿಗೂ ನುಗ್ಗುವ ಕೆಂಧೂಳು. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಸೀಮೆಯಲ್ಲಿ ಕಾಲುವೆ ಏರಿಯ ಮೇಲಿನ ಗೀರುಬಿದ್ದ ದಾರಿ ಮತ್ತು ಮಳೆ ಬಂದರೆ ಮಡ್‌ಗಾರ್ಡಿನೊಳಗೆ ಮೆತ್ತಿಕೊಳ್ಳುವ ಎರೆ ಮಣ್ಣು. ಇವೆಲ್ಲದರ ಮೇಲೆ ಹಾಲಿನ ಕ್ಯಾನು, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರು. ಇಂಥ ಗಾಡಿಯನ್ನು ಗ್ಯಾರೇಜಿಗೆ ಒಯ್ದಾಗ ಸೀಟನ್ನು ಒಮ್ಮೆ ಒತ್ತಿ ನೋಡಿ "ಶಾಕಪ್ ಹೋಗ್ಯಾವ್ರೀ, ಎರಡೂ ಬದಲಿ ಮಾಡ್ಬೇಕು" ಎಂಬ ತೀರ್ಪು ಕೊಡುವುದು ರೂಢಿ. ಆ ತೀರ್ಪು ಹಲವು ಸಲ ಸರಿಯೂ ಇರುತ್ತದೆ. ಆದರೆ ಟೈರಿನ ಗಾಳಿ, ಚೈನಿನ ಬಿಗಿತ, ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳಾದ ಸ್ವಿಂಗ್ ಆರ್ಮಿನ ಕೀಲಿನೊಳಗಿನ ಬುಷ್ ಇವುಗಳ ದೋಷವೂ ಸವಾರನ ಬೆನ್ನಿಗೆ ಶಾಕಿನ ದೋಷವೆಂದೇ ತೋರುವುದರಿಂದ, ಹೊಸ ಜೋಡಿಗೆ ಹಣ ಕೊಟ್ಟ ಮೇಲೂ ಹಳೆಯ ತೊಂದರೆ ಹಾಗೇ ಉಳಿದ ಗಾಡಿಗಳು ಸಾಕಷ್ಟಿವೆ.

ಶಾಕ್ ಎಂದು ಒಟ್ಟಾಗಿ ಕರೆಯುವ ಭಾಗದಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಹೊರಗಿನ ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಒಳಗಿನ ಡ್ಯಾಂಪರ್ ಕೊಳವೆಯಲ್ಲಿ ಪಿಸ್ಟನ್ನಿನ ಸಣ್ಣ ರಂಧ್ರಗಳ ಮೂಲಕ ಎಣ್ಣೆ ಹಾದುಹೋಗಬೇಕಾಗುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿ ಒತ್ತಿದಾಗ ಕೈಗೆ ಸಿಗುವಂಥ ತಡೆ ಅಲ್ಲಿ ಹುಟ್ಟಿ, ಸ್ಪ್ರಿಂಗಿನ ಕುಣಿತವು ಶಾಖವಾಗಿ ಮಾರ್ಪಟ್ಟು ಅಡಗುತ್ತದೆ. ಸೋತಿರುವುದು ಸ್ಪ್ರಿಂಗೋ, ಡ್ಯಾಂಪರೋ, ಅಥವಾ ಇವೆರಡೂ ಸರಿಯಿದ್ದು ಸುತ್ತಲಿನ ಬೇರೊಂದು ಭಾಗವೋ ಎಂಬುದು ಖಚಿತವಾಗದೆ ಬದಲಿ ಶಾಕನ್ನು ಆರಿಸುವುದು ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಹೇಳಿ, ಖರ್ಚಿನವನ್ನು ನಂತರಕ್ಕೆ ಇಟ್ಟಿದೆ.

ಕೈ ಹಾಕುವ ಮೊದಲು

ಓಡಿಸಿಯೋ ಸ್ಟ್ಯಾಂಡಿನಿಂದ ಇಳಿಸಿಯೋ ನೋಡಬೇಕೆಂದು ಹೇಳಿದವನ್ನು ಬಿಟ್ಟು ಉಳಿದ ಪರೀಕ್ಷೆಗಳನ್ನು ಬೆಳಗಿನ ತಂಪಿನಲ್ಲಿ, ಸೈಲೆನ್ಸರ್ ಆರಿದ ಮೇಲೆ, ಗಟ್ಟಿ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿಯೇ ಮಾಡಬೇಕು. ಎರೆ ನೆಲದಲ್ಲಿ ಸ್ಟ್ಯಾಂಡಿನ ಒಂದು ಕಾಲು ಹೂತರೆ ಗಾಡಿ ಮೈಮೇಲೆ ಬೀಳುತ್ತದೆ. ಅಂಗಳ ಮಣ್ಣಿನದಾಗಿದ್ದರೆ ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಡಿ ಕಲ್ಲನ್ನಾದರೂ ಹಾಕಿಕೊಳ್ಳಿರಿ. ಡಬಲ್ ಸ್ಟ್ಯಾಂಡ್ ಇಲ್ಲದ ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ಓರೆಯಾಗಿಸಿ, ಚಕ್ರ ಎತ್ತಿ ನೋಡುವ ಸಾಹಸ ಬೇಡ. ಆ ಕೆಲಸಕ್ಕೆ ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್ ಇರುವ ಗ್ಯಾರೇಜೇ ಬೇಕು.

ಸಣ್ಣ ಗುಂಡಿಯೂ ನೇರವಾಗಿ ಬೆನ್ನಿಗೆ ಬಡಿಯುತ್ತದೆ

ಮೊದಲು ಗಾಳಿ. ಪಂಕ್ಚರ್ ಅಂಗಡಿಯಲ್ಲಿ "40 ಹೊಡೀರಿ" ಎಂದು ಹೇಳಿ ಹಾಕಿಸಿದ ಗಾಳಿ, ಒಬ್ಬರೇ ಓಡಿಸುವ ಗಾಡಿಯಲ್ಲಿ ಟೈರನ್ನು ಕಲ್ಲಾಗಿಸಿಬಿಡುತ್ತದೆ. ಸಾಮಾನ್ಯ ಕಮ್ಯೂಟರ್ ಬೈಕುಗಳ ಹಿಂದಿನ ಟೈರಿಗೆ ಒಬ್ಬರಿದ್ದಾಗ 28 ಪಿಎಸ್‌ಐ ಆಸುಪಾಸಿನ ಗಾಳಿ ಸಾಕು. ಹಿಂದೆ ಇನ್ನೊಬ್ಬರು ಕುಳಿತರೆ ಎಷ್ಟಿರಬೇಕು ಎಂಬುದು ಮಾದರಿಯಿಂದ ಮಾದರಿಗೆ ಬಹಳ ಬದಲಾಗುತ್ತದೆ. ನಿಖರ ಅಂಕಿ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅಥವಾ ಚೈನ್ ಕವರಿನ ಬಳಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಟೈರಿನ ಒಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಒತ್ತಡ ಒಂದರಿಂದ ಒಂದೂವರೆ ಪಿಎಸ್‌ಐನಷ್ಟು ಏರುವುದರಿಂದ, ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರಿನಿಂದ ಬಂದು ನಿಲ್ಲಿಸಿದ ಕೂಡಲೇ ಅಳೆದ ಅಂಕಿಯನ್ನು ನಂಬುವಂತಿಲ್ಲ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಅಳೆಯಬೇಕು.

ಗಾಳಿ ಸರಿಯಿದ್ದರೆ ಚೈನನ್ನು ನೋಡಿರಿ. ಹಿಂದಿನ ಚಕ್ರ ಮೇಲಕ್ಕೂ ಕೆಳಕ್ಕೂ ಆಡುವಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತಲೇ ಇರುತ್ತದೆ. ಚೈನನ್ನು ತಂತಿಯಂತೆ ಬಿಗಿದಿದ್ದರೆ ಚಕ್ರವನ್ನು ಅದೇ ಹಿಡಿದು ನಿಲ್ಲಿಸುತ್ತದೆ, ಶಾಕ್ ಎಷ್ಟೇ ಒಳ್ಳೆಯದಾಗಿದ್ದರೂ ಆಡುವುದಿಲ್ಲ. ಜೊತೆಗೆ ಗೇರ್ ಬಾಕ್ಸಿನ ಹೊರ ಶಾಫ್ಟಿನ ಬೇರಿಂಗೂ ಸವೆಯುತ್ತದೆ. ಚೈನಿನ ಕೆಳಸಾಲಿನ ನಡುವೆ ಬೆರಳಿನಿಂದ ಎತ್ತಿ ಇಳಿಸಿದಾಗ ಕಮ್ಯೂಟರ್ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರ್ ಆಟ ಸಿಗಬೇಕು. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ನಾಲ್ಕು ಕಡೆ ಅಳೆಯಿರಿ. ಸವೆದ ಚೈನು ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇರುತ್ತದೆ, ಬಿಗಿಯಾದ ಜಾಗದ ಅಳತೆಯೇ ಲೆಕ್ಕಕ್ಕೆ ಬರುವುದು.

ಇವೆರಡೂ ಸರಿಯಿದ್ದರೆ ಸ್ಪ್ರಿಂಗಿನ ಕೆಳಗಿನ ಮೆಟ್ಟಿಲು ಬಳೆಯನ್ನು, ಅಂದರೆ ಪ್ರಿಲೋಡ್ ಹಂತವನ್ನು ನೋಡಿರಿ. ಊರಿಗೆ ಹೋಗುವಾಗ ಭಾರಕ್ಕೆಂದು ಕೊನೆಯ ಹಂತಕ್ಕೆ ಏರಿಸಿ, ಮರಳಿದ ಮೇಲೆ ಇಳಿಸಲು ಮರೆತ ಗಾಡಿಗಳೇ ಹೆಚ್ಚು. ಎಡಬಲ ಎರಡೂ ಒಂದೇ ಹಂತದಲ್ಲಿರಬೇಕು. ಬಳೆ ತಿರುಗಿಸಲು ಟೂಲ್ ಕಿಟ್ಟಿನಲ್ಲಿ ಬರುವ ಕೊಕ್ಕೆ ಪಾನಾವನ್ನೇ ಬಳಸಬೇಕು. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಬಡಿದರೆ ಬಳೆಯ ಹಲ್ಲು ಮುರಿಯುತ್ತದೆ, ಜಾರಿದರೆ ಕೈ ಸೀಳುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಬಡಿತ ನಿಲ್ಲದಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದು ಅರ್ಥ. ಬಿದ್ದ ಗಾಡಿಯಲ್ಲಿ ಡ್ಯಾಂಪರಿನ ರಾಡ್ ಕೂದಲೆಳೆಯಷ್ಟು ಬಾಗಿದ್ದರೂ ಸೀಲಿನಲ್ಲಿ ಉಜ್ಜುತ್ತ ತಡೆಯುತ್ತದೆ. ಹಿಂದೆ ಒಂದೇ ಶಾಕ್ ಇರುವ ಮೋನೋಶಾಕ್ ಬೈಕುಗಳಲ್ಲಿ ಕೆಲವಕ್ಕೆ ಶಾಕನ್ನು ಸ್ವಿಂಗ್ ಆರ್ಮಿಗೆ ಜೋಡಿಸುವ ಲಿಂಕ್ ಇರುತ್ತದೆ; ಅಂಥವುಗಳಲ್ಲಿ ಲಿಂಕಿನ ಸೂಜಿ ಬೇರಿಂಗುಗಳು ಎರೆ ಮಣ್ಣಿನ ನೀರು ಕುಡಿದು ತುಕ್ಕು ಹಿಡಿದಿರುತ್ತವೆ. ಹಲವು ಮಾದರಿಗಳಲ್ಲಿ ಗ್ರೀಸ್ ಹೊಡೆಯುವ ನಿಪ್ಪಲ್ಲೇ ಇರುವುದಿಲ್ಲವಾದ್ದರಿಂದ ಲಿಂಕನ್ನು ಬಿಚ್ಚಿ, ತೊಳೆದು, ಗ್ರೀಸ್ ತುಂಬಿಯೇ ಜೋಡಿಸಬೇಕಾಗುತ್ತದೆ. ಗದ್ದೆ ದಾರಿಯಲ್ಲಿ ಓಡಾಡುವವರು ಪ್ರತಿ ಮಳೆಗಾಲ ಮುಗಿದ ಮೇಲೆ ಇದನ್ನು ಮಾಡಿಸುವುದು ಮೇಲು. ಇದು ಗ್ಯಾರೇಜಿನ ಕೆಲಸ.

ಹಿಂಬದಿ ಕುಸಿದಂತಿದೆ, ಗುಂಡಿಯಲ್ಲಿ ಢಗ್ ಎಂದು ತಳ ಮುಟ್ಟುತ್ತದೆ

ಈ ಲಕ್ಷಣದಲ್ಲಿ ಹಣ ಕಳೆದುಕೊಳ್ಳುವವರು ಹೆಚ್ಚು. ಶಾಕ್ ಮೆತ್ತಗಾಗಿದೆ ಎಂದು ಎಲ್ಲರಿಗೂ ತೋಚುತ್ತದೆ, ಭಾರ ಎಷ್ಟಿದೆ ಎಂದು ಲೆಕ್ಕ ಹಾಕುವವರು ಕಡಿಮೆ. ಸ್ಪ್ಲೆಂಡರ್ ಪ್ಲಸ್‌ನಂಥ 100 ಸಿಸಿ ಬೈಕು ಸವಾರನೂ ಸೇರಿ ಸುಮಾರು 130 ಕೆಜಿ ಹೊರಲು ರೂಪಿಸಿದ್ದು. 40 ಲೀಟರಿನ ಎರಡು ಕ್ಯಾನುಗಳಲ್ಲಿ ಹಾಲೊಂದೇ 82 ಕೆಜಿ ಆಗುತ್ತದೆ. ಕ್ಯಾನಿನ ತೂಕ, ಕಬ್ಬಿಣದ ಸ್ಟ್ಯಾಂಡು, 65 ಕೆಜಿಯ ಸವಾರ ಸೇರಿದರೆ ಮಿತಿ ಎಂದೋ ದಾಟಿರುತ್ತದೆ. ತುಂಬಿದ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕೆಜಿ ಅನಿಲವಿದ್ದರೂ ಒಟ್ಟು ತೂಕ 30 ಕೆಜಿಯ ಹತ್ತಿರ. ಅದೂ ಚಕ್ರದ ಅಚ್ಚಿಗಿಂತ ಹಿಂದಿರುವ ಕ್ಯಾರಿಯರಿನ ಮೇಲೆ ಕೂತರೆ ಹಿಂದಿನ ಶಾಕಿನ ಮೇಲೆ ತನ್ನ ತೂಕಕ್ಕಿಂತ ಹೆಚ್ಚು ಭಾರ ಹೇರಿ, ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ಇಂಥ ಭಾರಕ್ಕೆ ಯಾವ ಶಾಕ್ ಹಾಕಿದರೂ ಬ್ರೇಕು, ಟೈರು, ಚಾಸಿ ಹಳೆಯವೇ ಆಗಿರುತ್ತವೆ ಎಂಬುದನ್ನು ಮನಸ್ಸಿನಲ್ಲಿಡಬೇಕು.

ಭಾರ ಮಿತಿಯೊಳಗಿದ್ದೂ ತಳ ಮುಟ್ಟುತ್ತಿದ್ದರೆ ಟೇಪು ಹಿಡಿಯಿರಿ. ಹಿಂದಿನ ಚಕ್ರ ನೆಲ ಬಿಟ್ಟು ನಿಂತಿರುವಾಗ ಅಚ್ಚಿನ ನಡುವಿನಿಂದ ನೇರ ಮೇಲೆ, ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆದು ಬರೆದುಕೊಳ್ಳಿರಿ. ಸ್ಟ್ಯಾಂಡಿನಿಂದ ಇಳಿಸಿ, ಯಾರೂ ಕೂರದೆ, ಗಾಡಿಯನ್ನು ನೆಟ್ಟಗೆ ಹಿಡಿದುಕೊಂಡು ಅದೇ ಎರಡು ಬಿಂದುಗಳ ನಡುವೆ ಮತ್ತೆ ಅಳೆಯಿರಿ. ಮೂರನೆಯ ಸಲ, ದಿನವೂ ಓಡಿಸುವವರು ಕಾಲು ಮೇಲಿಟ್ಟು ಕುಳಿತಿರುವಾಗ ಅಳೆಯಬೇಕು. ಇದಕ್ಕೆ ಗಾಡಿ ಹಿಡಿಯಲು ಒಬ್ಬರು, ಟೇಪು ಹಿಡಿಯಲು ಇನ್ನೊಬ್ಬರು ಬೇಕು.

ಹಿಂದಿನ ಚಕ್ರದ ಒಟ್ಟು ಚಲನೆ 90 ಮಿಲಿಮೀಟರ್ ಇರುವ ಗಾಡಿಯಲ್ಲಿ ಮೊದಲ ಅಳತೆ 520, ಎರಡನೆಯದು 508, ಮೂರನೆಯದು 493 ಬಂತು ಎಂದಿಟ್ಟುಕೊಳ್ಳೋಣ. ಗಾಡಿ ತನ್ನ ತೂಕಕ್ಕೆ 12 ಮಿಲಿಮೀಟರ್, ಸವಾರನೂ ಸೇರಿದಾಗ 27 ಮಿಲಿಮೀಟರ್ ಕುಸಿದಿದೆ. ಸವಾರನೊಂದಿಗಿನ ಕುಸಿತ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು ಎಂಬುದು ವಾಡಿಕೆಯ ನಿಯಮ. ಇಲ್ಲಿ 23ರಿಂದ 30ರೊಳಗೆ ಇರಬೇಕಾಗಿದ್ದು, 27 ಸರಿಯಾಗಿಯೇ ಇದೆ. 180 ಮಿಲಿಮೀಟರ್ ಚಲನೆಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಲ್ಲಿ ಇದೇ ಲೆಕ್ಕ 45ರಿಂದ 60 ಆಗುತ್ತದೆ. ಕುಸಿತ ಹೆಚ್ಚಿದ್ದರೆ ಪ್ರಿಲೋಡನ್ನು ಒಂದು ಹಂತ ಏರಿಸಿ ಮತ್ತೆ ಅಳೆಯಬೇಕು. ಇದಕ್ಕೆ ಪೈಸೆ ಖರ್ಚಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಪ್ರಿಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹುತೇಕರು ನಂಬಿದ್ದಾರೆ. ಸ್ಪ್ರಿಂಗಿನ ಬಿಗುವು ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಇವುಗಳಿಂದ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಬಳೆ ತಿರುಗಿಸಿದಾಗ ಸ್ಪ್ರಿಂಗ್ ಮೊದಲೇ ಒಂದಿಷ್ಟು ಒತ್ತಿಕೊಂಡು, ಗಾಡಿ ಎತ್ತರದಲ್ಲಿ ನಿಲ್ಲುತ್ತದೆ, ಅಷ್ಟೇ. ಹೀಗಾಗಿ ಎರಡನೆಯ ಅಳತೆಗೆ ಬೆಲೆ ಬರುತ್ತದೆ. ಸವಾರನೊಂದಿಗಿನ ಕುಸಿತವನ್ನು 27ಕ್ಕೆ ತರಲು ಬಳೆಯನ್ನು ಕೊನೆಯ ಹಂತದವರೆಗೆ ಏರಿಸಬೇಕಾಗಿ ಬಂದು, ಖಾಲಿ ಗಾಡಿಯ ಕುಸಿತ ಎರಡು ಮೂರು ಮಿಲಿಮೀಟರಿಗೆ ಇಳಿದಿದ್ದರೆ, ಆ ಸ್ಪ್ರಿಂಗ್ ಸವಾರನ ತೂಕಕ್ಕೆ ಮೆತ್ತಗಿದೆ, ಹೆಚ್ಚು ಬಿಗುವಿನ ಸ್ಪ್ರಿಂಗ್ ಬೇಕು. ತದ್ವಿರುದ್ಧವಾಗಿ, ಸವಾರ ಕುಳಿತಾಗ ಅಳತೆ ಸರಿಯಾಗಿದ್ದೂ ಖಾಲಿ ಗಾಡಿಯೇ 20 ಮಿಲಿಮೀಟರ್ ಕುಸಿಯುತ್ತಿದ್ದರೆ ಸ್ಪ್ರಿಂಗ್ ಅಗತ್ಯಕ್ಕಿಂತ ಗಟ್ಟಿ. ಬದಲಿ ಶಾಕ್ ಕೊಳ್ಳುವಾಗ ಅಂಗಡಿಯವರಿಗೆ ಹೇಳಬೇಕಾದ ಮುಖ್ಯ ಮಾಹಿತಿ ಇದೇ. ಈ ಮೂರು ಅಂಕಿಗಳಿಲ್ಲದೆ "ಸ್ವಲ್ಪ ಹಾರ್ಡ್ ಇರೋದು ಕೊಡ್ರಿ" ಎಂದರೆ ಅಂಗಡಿಯಲ್ಲಿ ಇದ್ದದ್ದು ಸಿಗುತ್ತದೆ.

ಕುಸಿತದ ಅಳತೆ ಸರಿಯಿದ್ದೂ ದೊಡ್ಡ ಗುಂಡಿಯಲ್ಲಿ ತಳ ಮುಟ್ಟಿದರೆ ಸದ್ದನ್ನು ಗಮನಿಸಿರಿ. ದಬ್ ಎಂಬ ಮಂದ ಸದ್ದಾದರೆ ರಾಡಿನ ಮೇಲಿನ ರಬ್ಬರ್ ತನ್ನ ಕೆಲಸ ಮಾಡುತ್ತಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಸದ್ದು ಬಂದರೆ ಆ ರಬ್ಬರ್ ಪುಡಿಯಾಗಿ ಉದುರಿಹೋಗಿದೆ. ಕೆಲವು ಶಾಕುಗಳಲ್ಲಿ ಸ್ಪ್ರಿಂಗಿನ ಸುತ್ತುಗಳ ನಡುವೆ ಇಣುಕಿದರೆ ಅದು ಕಾಣುತ್ತದೆ. ಹಾಗೇ ಓಡಿಸಿದರೆ ಮುಂದಿನ ಪೆಟ್ಟು ಶಾಕ್ ಕಟ್ಟಿರುವ ಚಾಸಿಯ ಕಿವಿಗೆ ಬೀಳುತ್ತದೆ.

ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರುಗಳ ಬಗ್ಗೆ ಒಂದು ಮಾತು. ಇವು ಅಗ್ಗ, ಹಾಕಿದ ಕೂಡಲೇ ಗಾಡಿ ಎದ್ದು ನಿಂತಂತೆ ಕಾಣುತ್ತದೆ. ಆದರೆ ಬಫರ್ ಕೂತ ಸುತ್ತುಗಳು ಆಡುವುದನ್ನು ಬಿಟ್ಟು, ಇಡೀ ಕುಗ್ಗುವಿಕೆ ಉಳಿದ ಸುತ್ತುಗಳ ಪಾಲಿಗೆ ಬರುತ್ತದೆ. ಸ್ಪ್ರಿಂಗ್ ಮುರಿಯುವುದು ಅಲ್ಲೇ. ಡ್ಯಾಂಪರಿಗಂತೂ ಇದರಿಂದ ಯಾವ ಉಪಕಾರವೂ ಇಲ್ಲ, ಗಟ್ಟಿಯಾದ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ಹೊರೆ ಹೆಚ್ಚುತ್ತದೆ. ನನ್ನ ಮಟ್ಟಿಗೆ ಇದು ಕೊಳ್ಳಬೇಕಾದ ವಸ್ತುವಲ್ಲ.

ಕಟಕಟ, ಕಿರ್‌ಕಿರ್, ಟಕ್

ಸದ್ದಿನ ಮೂಲ ಹುಡುಕುವಾಗ ಶಾಕನ್ನು ಕೊನೆಗೆ ಅನುಮಾನಿಸಿರಿ. ಸೀರೆ ಗಾರ್ಡ್, ನಂಬರ್ ಪ್ಲೇಟ್, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್, ಸೈಲೆನ್ಸರಿನ ಕ್ಲ್ಯಾಂಪ್, ಟೂಲ್ ಬಾಕ್ಸಿನೊಳಗಿನ ಪಾನಾಗಳು ಇವೆಲ್ಲ ಹಿಂಬದಿಯಲ್ಲೇ ಕಟಕಟಿಸುತ್ತವೆ. ಎಲ್ಲವನ್ನೂ ಒಂದೊಂದಾಗಿ ಕೈಯಿಂದ ಅಲುಗಿಸಿ ನೋಡಲು ಐದು ನಿಮಿಷ ಸಾಕು.

ಅಲ್ಲೇನೂ ಸಿಗದಿದ್ದರೆ ಡಬಲ್ ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರವನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿ ಬಿಡಿರಿ. ಸ್ಪ್ರಿಂಗ್ ಅಲುಗುವ ಮೊದಲೇ ಒಂದು ಸಣ್ಣ ಆಟ ಸಿಕ್ಕಿ ಟಕ್ ಎಂದರೆ ಶಾಕಿನ ಮೇಲಿನ ಅಥವಾ ಕೆಳಗಿನ ಕಣ್ಣಿನೊಳಗಿನ (ಬೋಲ್ಟ್ ತೂರುವ ಬಳೆಯೊಳಗಿನ) ಬುಷ್ ಸವೆದಿದೆ, ಇಲ್ಲವೇ ನಟ್ಟು ಸಡಿಲವಾಗಿದೆ. ಇನ್ನೊಬ್ಬರಿಂದ ಚಕ್ರ ಎತ್ತಿಸುತ್ತ ನೀವು ಒಂದೊಂದು ಕಣ್ಣಿನ ಮೇಲೂ ಬೆರಳಿಟ್ಟರೆ ಟಕ್ ಎನ್ನುವ ಜಾಗ ಬೆರಳಿಗೇ ತಿಳಿಯುತ್ತದೆ. ಬುಷ್ ಮಾತ್ರ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಶಾಕ್ ಬದಲಿಸುವುದು ದಂಡ. ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಗಾಡಿಯ ಅಡಿಗೆಲ್ಲ ಡೀಸೆಲ್ ಸಿಂಪಡಿಸುವ ಪದ್ಧತಿ ಈ ರಬ್ಬರ್ ಬುಷ್‌ಗಳಿಗೆ ವಿಷವಿದ್ದಂತೆ. ರಬ್ಬರ್ ಉಬ್ಬಿ, ಮೆತ್ತಗಾಗಿ, ಬೇಗ ಹರಿಯುತ್ತದೆ. ಡೀಸೆಲ್ ಬೇಡವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಖಾಲಿ ಗಾಡಿಯಲ್ಲಿ ಹಂಪ್ ದಾಟಿದ ಕೂಡಲೇ ಶಾಕ್ ಪೂರ್ತಿ ಹಿಗ್ಗಿ ಟಕ್ ಎಂದು ತುದಿ ತಾಗುವ ಸದ್ದು ಬಂದು, ಭಾರ ಹಾಕಿದಾಗ ಅದು ಮಾಯವಾದರೆ ಪ್ರಿಲೋಡ್ ಹೆಚ್ಚಾಗಿದೆ ಅಥವಾ ಡ್ಯಾಂಪರ್ ಹಿಂದಿರುಗುವ ವೇಗವನ್ನು ಹಿಡಿಯುತ್ತಿಲ್ಲ. ಸ್ಕೂಟರುಗಳಲ್ಲಿ ಎಂಜಿನ್ನೇ ಹಿಂದಿನ ಚಕ್ರದೊಂದಿಗೆ ಆಡುವುದರಿಂದ ಎಂಜಿನ್ ಹ್ಯಾಂಗರಿನ ಬುಷ್ ಸವೆದರೂ ಇದೇ ಬಗೆಯ ಸದ್ದು ಬರುತ್ತದೆ.

ಗುಂಡಿ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇರುತ್ತದೆ

ಇದು ಡ್ಯಾಂಪರ್ ಸೋತ ಲಕ್ಷಣ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಸೀಟಿನ ಹಿಂಭಾಗವನ್ನು ದೇಹದ ಭಾರ ಹಾಕಿ ಒತ್ತಿ, ಥಟ್ಟನೆ ಕೈ ಬಿಡಿರಿ. ಒಮ್ಮೆ ಮೇಲೆದ್ದು ತನ್ನ ಜಾಗದಲ್ಲಿ ನಿಂತರೆ ಡ್ಯಾಂಪರ್ ಬದುಕಿದೆ. ಎರಡು ಮೂರು ಸಲ ಏರಿಳಿದು ನಿಂತರೆ ಅದರ ಆಟ ಮುಗಿದಿದೆ. ಒತ್ತಿದ್ದು ತೀರ ನಿಧಾನವಾಗಿ, ತೆವಳುತ್ತ ಮೇಲೆದ್ದರೆ ಅದೂ ದೋಷವೇ: ಗೀರುಬಿದ್ದ ಕಾಲುವೆ ದಾರಿಯಲ್ಲಿ ಚಕ್ರ ಪೂರ್ತಿ ಇಳಿಯುವ ಮೊದಲೇ ಮುಂದಿನ ಉಬ್ಬು ಬಂದು, ಹಿಂಬದಿ ಹಂತ ಹಂತವಾಗಿ ಕುಗ್ಗುತ್ತ ಕೊನೆಗೆ ತಳ ಮುಟ್ಟುತ್ತದೆ. ಗ್ಯಾರೇಜಿನಲ್ಲಿ ಬಿಚ್ಚಿ ದಪ್ಪ ಎಣ್ಣೆ ತುಂಬಿಸಿದ ಶಾಕುಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಎರಡು ಶಾಕುಗಳಿರುವ ಬೈಕಿನಲ್ಲಿ ಸೋತದ್ದು ಯಾವುದೆಂದು ತಿಳಿಯಲು ಕೈಯೇ ಸಾಕಾದ ಒಂದು ಪರೀಕ್ಷೆಯಿದೆ. ಬಿಸಿಲೇರುವ ಮೊದಲು, ಹದಗೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎರಡೂ ಡ್ಯಾಂಪರ್ ಕೊಳವೆಗಳನ್ನು ಮೊದಲು ಕೈಬೆನ್ನಿನಿಂದ, ಆಮೇಲೆ ಬೆರಳಿನಿಂದ ಮುಟ್ಟಿ ನೋಡಿರಿ. ಕೆಲಸ ಮಾಡುತ್ತಿರುವ ಡ್ಯಾಂಪರ್ ಕುಣಿತವನ್ನು ಶಾಖವಾಗಿ ಬದಲಿಸಿರುವುದರಿಂದ ಬೆಚ್ಚಗಿರುತ್ತದೆ, ಸತ್ತದ್ದು ತಣ್ಣಗಿರುತ್ತದೆ. ಸೈಲೆನ್ಸರ್ ಬದಿಯ ಶಾಕಿಗೆ ಹೊರಗಿನ ಶಾಖವೂ ತಾಗಿರುತ್ತದೆಯಾದ್ದರಿಂದ, ಆ ಬದಿಯದು ಬಿಸಿಯಿದೆ ಎಂಬುದಷ್ಟನ್ನೇ ಸಾಕ್ಷಿಯಾಗಿ ಹಿಡಿಯಬಾರದು. ಆ ಬದಿಯದು ತಣ್ಣಗಿದ್ದರೆ ಮಾತ್ರ ಅದು ಸತ್ತಿದೆ ಎಂಬುದರಲ್ಲಿ ಅನುಮಾನವೇ ಬೇಡ. ಬೇಸಿಗೆಯ ನಡುಹಗಲಿನಲ್ಲಿ ನಿಂತ ಗಾಡಿಯ ಲೋಹವೇ ಕೈ ಸುಡುವುದರಿಂದ ಆ ಹೊತ್ತಿನಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ.

ಹೊರಟಾಗ ಚೆನ್ನಾಗಿದ್ದು, ಅರ್ಧ ಗಂಟೆ ಕೆಟ್ಟ ರಸ್ತೆಯಲ್ಲಿ ಓಡಿದ ಮೇಲೆ ಕುಣಿಯಲು ಶುರುವಾಗಿ, ಚಹಾ ಕುಡಿದು ಹೊರಟಾಗ ಮತ್ತೆ ಸರಿಯಾಗುವ ಗಾಡಿಗಳೂ ಇವೆ. ಒಳಗಿನ ಎಣ್ಣೆ ಬಿಸಿಯಾಗಿ ತೆಳುವಾಗುವುದಲ್ಲದೆ, ಅದರೊಂದಿಗೇ ಇರುವ ಗಾಳಿ ಬೆರೆತು ನೊರೆಯಾಗುತ್ತದೆ. ನೊರೆ ರಂಧ್ರದಲ್ಲಿ ಸುಲಭವಾಗಿ ನುಸುಳುವುದರಿಂದ ತಡೆ ಹುಟ್ಟುವುದಿಲ್ಲ. ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿದ ಶಾಕುಗಳು ಈ ನೊರೆಯನ್ನು ತಡೆಯಲೆಂದೇ ಹುಟ್ಟಿಕೊಂಡಿರುವುದು. ದಿನವೂ ಹೀಗೆ ಓಡಿಸುವವರಿಗೆ ಗ್ಯಾಸ್ ಶಾಕಿಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ. ಊರೊಳಗೆ ಓಡಾಡುವವರಿಗೆ ಅದರ ಅಗತ್ಯವಿಲ್ಲ.

ಶಾಕಿನ ಮೇಲೆ ಎಣ್ಣೆ ಕಾಣುತ್ತದೆ

ರಾಡಿನ ಮೇಲೆ ಬೆರಳಾಡಿಸಿದರೆ ಹತ್ತುವಷ್ಟು ತೆಳುವಾದ ಪಸೆ ಸಹಜ, ಸೀಲು ಒಣಗದಿರಲು ಅದು ಬೇಕೂ ಬೇಕು. ಕೊಳವೆಯ ಮೇಲೆ ಇಳಿದ ಎಣ್ಣೆ, ಅದಕ್ಕೆ ಕೆಂಧೂಳು ಅಂಟಿ ಆದ ಕಂದು ರೊಜ್ಜು, ಸ್ವಿಂಗ್ ಆರ್ಮಿನ ಮೇಲೆ ಬಿದ್ದ ಹನಿ ಇವು ಸೀಲ್ ಹೋಗಿರುವುದರ ಗುರುತು. ಆದರೆ ಸರ್ವಿಸ್ ಮಾಡಿಸಿದ ಮರುದಿನ ಕಾಣುವ ಎಣ್ಣೆ ಸಿಂಪಡಿಸಿದ ಡೀಸೆಲ್ಲೂ ಆಗಿರಬಹುದು, ಚೈನಿನಿಂದ ಸಿಡಿದದ್ದೂ ಆಗಿರಬಹುದು. ಒಣಬಟ್ಟೆಯಿಂದ ಪೂರ್ತಿ ಒರೆಸಿ, ಎರಡು ದಿನ ಓಡಿಸಿ, ಮತ್ತೆ ನೋಡಿ ತೀರ್ಮಾನಿಸಬೇಕು.

ಸೋರುವಿಕೆ ಖಚಿತವಾದರೆ ರಾಡಿನ ಮೇಲೆ ಉಗುರು ಎಳೆದು ನೋಡಿರಿ. ಗೀರು ಅಥವಾ ತುಕ್ಕಿನ ಚುಕ್ಕೆ ಉಗುರಿಗೆ ತಡೆದರೆ ಹೊಸ ಸೀಲನ್ನೂ ಅದು ತಿಂಗಳಲ್ಲೇ ಹರಿದುಹಾಕುತ್ತದೆ, ರಿಪೇರಿಗೆ ಹಣ ಹಾಕುವುದು ವ್ಯರ್ಥ. ಅದಿರಿನ ದೂಳು ಗಟ್ಟಿ ಕಣಗಳಿಂದಾದದ್ದು. ಸೀಲಿನ ತುಟಿಯಲ್ಲಿ ಕೂತು ರಾಡನ್ನು ಉಜ್ಜುತ್ತದೆ. ವಾಟರ್ ಸರ್ವಿಸಿನ ಜೋರು ನೀರಿನ ಕೊಳವೆಯನ್ನು ನೇರ ಸೀಲಿನ ಮೇಲೆ ಹಿಡಿದರೆ ಈ ದೂಳು ಒಳಗೇ ಹೋಗುತ್ತದೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ರಾಡನ್ನು ಒರೆಸುವುದೇ ಇದಕ್ಕೆ ತಕ್ಕ ಆರೈಕೆ.

ಸೋರಿದ ಎಣ್ಣೆ ಟೈರಿನ ಮೇಲೋ ಹಿಂದಿನ ಡಿಸ್ಕಿನ ಮೇಲೋ ಬೀಳುತ್ತಿದ್ದರೆ ಗಾಡಿಯನ್ನು ಅಂದೇ ನಿಲ್ಲಿಸಬೇಕು. ಅನಿಲ ತುಂಬಿದ ಶಾಕನ್ನು, ಪಕ್ಕದಲ್ಲಿ ಅನಿಲದ ಸಣ್ಣ ಡಬ್ಬಿ ಇರುವುದನ್ನೂ ಸೇರಿಸಿ, ಮನೆಯಲ್ಲಿ ಬಿಚ್ಚುವುದು, ಕೊರೆಯುವುದು, ವೆಲ್ಡಿಂಗ್ ಶಾಖಕ್ಕೆ ಒಡ್ಡುವುದು ಜೀವಕ್ಕೆ ಅಪಾಯ. ಒಳಗಿನ ಒತ್ತಡ ಸಾಮಾನ್ಯವಾಗಿ ಟೈರಿನ ಗಾಳಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಸಾದಾ ಶಾಕಿನ ಸ್ಪ್ರಿಂಗನ್ನೂ ಒಬ್ಬರು ಕಾಲಿನಿಂದ ತುಳಿದು ಇನ್ನೊಬ್ಬರು ಲಾಕ್ ಎಳೆಯುವ ವಿಧಾನದಲ್ಲಿ ಬಿಚ್ಚಬಾರದು. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಗ್ಯಾರೇಜಿಗೆ ಆ ಕೆಲಸ ಕೊಡಬೇಡಿರಿ.

ತಿರುವಿನಲ್ಲಿ ಹಿಂಬದಿ ಓಲಾಡುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ

ಟೈರಿಗೋ ಡಿಸ್ಕಿಗೋ ಎಣ್ಣೆ ಬೀಳುವುದೊಂದನ್ನು ಬಿಟ್ಟರೆ ಇಲ್ಲಿಯವರೆಗಿನ ಲಕ್ಷಣಗಳಲ್ಲಿ ಗಾಡಿಯನ್ನು ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದಿತ್ತು. ಇದರಲ್ಲಿ ಆ ಸಲಿಗೆ ಇಲ್ಲ, ಕಾರಣ ತಿಳಿಯುವವರೆಗೆ ಹೆದ್ದಾರಿಗೆ ಇಳಿಸಬಾರದು.

ಎಡಬಲ ಪ್ರಿಲೋಡ್ ಹಂತಗಳು ಒಂದೇ ಇವೆಯೇ, ಚೈನ್ ಅಡ್ಜಸ್ಟರಿನ ಗುರುತುಗಳು ಎರಡೂ ಕಡೆ ಸಮವಾಗಿವೆಯೇ ಎಂದು ಮೊದಲು ನೋಡಿರಿ. ಪಂಕ್ಚರ್ ಹಾಕಿಸಿದ ಮೇಲೆ ಓಲಾಟ ಶುರುವಾಗಿದ್ದರೆ ಕಾರಣ ಬಹುತೇಕ ಇಲ್ಲೇ ಸಿಗುತ್ತದೆ. ಬಳಿಕ ಡಬಲ್ ಸ್ಟ್ಯಾಂಡಿನ ಮೇಲೆ ಚಕ್ರವನ್ನು ಮುಂದಿನ ಅಂಚು ಮತ್ತು ಹಿಂದಿನ ಅಂಚಿನಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿರಿ. ಚಕ್ರ ಮಾತ್ರ ಆಡಿ ಸ್ವಿಂಗ್ ಆರ್ಮ್ ಕದಲದಿದ್ದರೆ ಚಕ್ರದ ಬೇರಿಂಗ್ ಹೋಗಿದೆ. ಸ್ವಿಂಗ್ ಆರ್ಮೂ ಜೊತೆಗೆ ಆಡಿದರೆ ಅದರ ಬುಷ್ ಅಥವಾ ಅಚ್ಚು ಬೋಲ್ಟ್ ಸವೆದಿದೆ. ಎಂಥ ದುಬಾರಿ ಶಾಕ್ ಹಾಕಿದರೂ ಈ ಓಲಾಟ ಹೋಗುವುದಿಲ್ಲ. ಕಡ್ಡಿಗಳ (ಸ್ಪೋಕ್) ಚಕ್ರವಾದರೆ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಮಂದ ಸದ್ದು ಕೊಡುವ ಸಡಿಲ ಕಡ್ಡಿಗಳನ್ನು ಗುರುತಿಸಬಹುದು.

ಕೊನೆಯದಾಗಿ ಶಾಕಿನ ಮೇಲಿನ ಬೋಲ್ಟ್ ಕೂರುವ ಚಾಸಿಯ ಜಾಗವನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಹಾಕಿ ನೋಡಿರಿ. ಭಾರ ಹೊರುವ ಗಾಡಿಗಳಲ್ಲಿ ವೆಲ್ಡಿಂಗ್ ಅಂಚಿನಗುಂಟ ಪೇಂಟ್ ಒಡೆದು, ಅದರಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದು ಬಿರುಕು. ಆ ಗಾಡಿಯನ್ನು ಅಲ್ಲಿಂದ ತಳ್ಳಿಕೊಂಡೋ ಆಟೋದಲ್ಲಿ ಹೇರಿಕೊಂಡೋ ಒಯ್ಯಬೇಕು. ಮೇಲಿಂದ ಮೇಲೆ ವೆಲ್ಡಿಂಗ್ ಚುಕ್ಕೆ ಹಾಕಿಸಿ ಓಡಿಸುವುದು ಸಲ್ಲದು. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಬ್ಯಾಟರಿ ಮತ್ತು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸಂಪರ್ಕ ಬಿಡಿಸದೆ ವೆಲ್ಡಿಂಗ್ ಮಾಡಿದರೆ ಇಸಿಯು ಸುಡುವ ಅಪಾಯವೂ ಇದೆ.

ಬದಲಿ ಶಾಕನ್ನು ಆರಿಸುವಾಗ

ಮೇಲಿನ ಪರೀಕ್ಷೆಗಳಲ್ಲಿ ಕುಸಿತದ ಅಳತೆ ಸರಿಯಿದ್ದು ಡ್ಯಾಂಪರ್ ಮಾತ್ರ ಸೋತಿದ್ದರೆ ಕಂಪನಿಯ ಮೂಲ ಶಾಕೇ ಸಾಕು. ಎಂಡ್ಯೂರೆನ್ಸ್, ಗೇಬ್ರಿಯಲ್, ಮುಂಜಾಲ್ ಶೋವಾ ಮುಂತಾದವು ಬೈಕ್ ಕಂಪನಿಗಳಿಗೇ ಶಾಕ್ ಪೂರೈಸುವ ತಯಾರಕರು. ಅವರದೇ ಮಾಲು ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತದೆ. ಒಂದೇ ಸೋತಿದ್ದರೂ ಜೋಡಿಯನ್ನೇ ಬದಲಿಸಬೇಕು, ಏಕೆಂದರೆ ಹೊಸದು ಒಂದು ಹಳೆಯದು ಒಂದು ಇದ್ದರೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ.

ಸ್ಪ್ರಿಂಗ್ ತೂಕಕ್ಕೆ ಹೊಂದುತ್ತಿಲ್ಲ, ಅಥವಾ ಬಿಸಿಯಾದಾಗ ಡ್ಯಾಂಪರ್ ಕೈಬಿಡುತ್ತದೆ ಎಂದು ಖಚಿತವಾದಾಗ ಮಾತ್ರ ಬೇರೆ ಮಾದರಿಯ ಶಾಕಿನ ಪ್ರಶ್ನೆ ಬರುತ್ತದೆ. ಆಗ ಮೊದಲು ಹೊಂದಿಸಬೇಕಾದ್ದು ಕಣ್ಣಿನ ನಡುವಿನಿಂದ ಕಣ್ಣಿನ ನಡುವಿನ ಉದ್ದ. ಜೋಡಿ ಶಾಕಿನ ಬೈಕಿನಲ್ಲಿ ಶಾಕ್ 10 ಮಿಲಿಮೀಟರ್ ಉದ್ದವಾದರೆ ಹಿಂಬದಿ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ; ಮೋನೋಶಾಕಿನಲ್ಲಿ ಸನ್ನೆಯ ಲೆಕ್ಕದಿಂದ ಎರಡು ಪಟ್ಟಿಗೂ ಮೀರಿ ಏರಬಹುದು. ಹಿಂಬದಿ ಎದ್ದರೆ ಡಬಲ್ ಸ್ಟ್ಯಾಂಡ್ ಹಾಕಿದಾಗ ಚಕ್ರ ನೆಲ ಬಿಡುವುದಿಲ್ಲ, ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ಅಪಾಯಕಾರಿಯಾಗಿ ವಾಲುತ್ತದೆ, ಹೆಡ್‌ಲೈಟ್ ರಸ್ತೆಯ ಹತ್ತಿರಕ್ಕೆ ಬೀಳುತ್ತದೆ, ಚೈನು ಸ್ವಿಂಗ್ ಆರ್ಮಿನ ರಬ್ಬರನ್ನು ಉಜ್ಜುತ್ತದೆ. ಗಿಡ್ಡವಾದರೆ ಟೈರು ಮಡ್‌ಗಾರ್ಡಿಗೆ ತಾಗುತ್ತದೆ. ಉದ್ದ ಒಂದೇ ಇದ್ದರೂ ಒಳಗೆ ಹೋಗುವ ಚಲನೆ ಹಳೆಯದಕ್ಕಿಂತ ಹೆಚ್ಚಿದ್ದರೆ ಇದೇ ಗತಿ.

ಬಿಗುವಿನ ವಿಷಯದಲ್ಲಿ, ವಾರಕ್ಕೊಮ್ಮೆ ಹೇರುವ ಭಾರಕ್ಕೆ ಸ್ಪ್ರಿಂಗ್ ಆರಿಸದೆ, ದಿನದ ಭಾರಕ್ಕೆ ಆರಿಸಿ ಉಳಿದದ್ದನ್ನು ಪ್ರಿಲೋಡಿಗೆ ಬಿಡುವುದು ಜಾಣತನ. ಒಂದು ತುದಿಯಲ್ಲಿ ಸುತ್ತುಗಳು ಒತ್ತಾಗಿರುವ ಪ್ರೋಗ್ರೆಸ್ಸಿವ್ ಸ್ಪ್ರಿಂಗ್, ಬೆಳಗ್ಗೆ ಭಾರ ಹೊತ್ತು ಹೋಗಿ ಖಾಲಿ ಮರಳುವವರಿಗೆ ಹೊಂದುತ್ತದೆ. ಗಟ್ಟಿ ಸ್ಪ್ರಿಂಗಿಗೆ ತಕ್ಕ ಡ್ಯಾಂಪರ್ ಇಲ್ಲದಿದ್ದರೆ ಗಾಡಿ ಕುಣಿಯುವುದು ಹೆಚ್ಚುತ್ತದೆಯಾದ್ದರಿಂದ, ಹಳೆಯ ಡ್ಯಾಂಪರಿಗೆ ಬೇರೆ ಗಾಡಿಯ ಸ್ಪ್ರಿಂಗ್ ತೊಡಿಸುವ ಉಪಾಯ ನಡೆಯುವುದಿಲ್ಲ. ಅನಿಲದ ಡಬ್ಬಿಯಂತೆ ಕಾಣುವ ಬಣ್ಣಬಣ್ಣದ ಡಬ್ಬಿ ಅಂಟಿಸಿಕೊಂಡ ಅಗ್ಗದ ಶಾಕುಗಳಲ್ಲಿ ಡಬ್ಬಿಗೂ ಕೊಳವೆಗೂ ಸಂಪರ್ಕವೇ ಇಲ್ಲದಿರುವುದುಂಟು. ಶಾಕ್ ಹಿಂದಿರುಗುವ ವೇಗವನ್ನು ಹೊಂದಿಸುವ ರೀಬೌಂಡ್ ಗುಬ್ಬಿ ಇದ್ದರೆ ಎರಡೂ ತುದಿಗೆ ತಿರುಗಿಸಿ, ಕೊಳ್ಳುವ ಮೊದಲೇ ಒತ್ತಿಸಿ ನೋಡಿರಿ, ವ್ಯತ್ಯಾಸ ಕಾಣದಿದ್ದರೆ ಅದು ಅಲಂಕಾರ. ಗಾಡಿ ವಾರಂಟಿಯಲ್ಲಿದ್ದರೆ ಬೇರೆ ಶಾಕ್ ಹಾಕಿದ ಮೇಲೆ ಅದು ಉಳಿಯುತ್ತದೆಯೇ ಎಂದು ಷೋರೂಮಿನಲ್ಲಿ ಬರೆಹದಲ್ಲಿ ಕೇಳಿಕೊಳ್ಳಬೇಕು.

ಹಾಕಿದ ಮೇಲೆ

ಜೋಡಿ ಶಾಕುಗಳನ್ನು ಒಂದಾದ ಮೇಲೆ ಒಂದರಂತೆ ಬದಲಿಸಿದರೆ ಸ್ವಿಂಗ್ ಆರ್ಮ್ ಕೆಳಗೆ ಬೀಳುವುದಿಲ್ಲ. ವಾಷರುಗಳು ಹಿಂದೆ ಇದ್ದ ಬದಿಯಲ್ಲೇ ಕೂರಬೇಕು, ನಟ್ಟುಗಳ ಅಂತಿಮ ಬಿಗಿತವನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗ ಪುಸ್ತಕದಲ್ಲಿರುವ ಟಾರ್ಕಿಗೆ ಕೊಡಬೇಕು. ಕುಸಿತದ ಮೂರು ಅಳತೆಗಳನ್ನು ಹೊಸದಾಗಿ ತೆಗೆದು ಪ್ರಿಲೋಡ್ ಹೊಂದಿಸಿರಿ, ಚೈನಿನ ಆಟವನ್ನು ಮತ್ತೆ ನೋಡಿರಿ, ಇಬ್ಬರನ್ನು ಕೂರಿಸಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಉಳಿದ ಜಾಗವನ್ನು ಗಮನಿಸಿರಿ, ರಾತ್ರಿ ಗೋಡೆಗೆ ಬೆಳಕು ಬಿಟ್ಟು ಹೆಡ್‌ಲೈಟ್ ಎತ್ತರವನ್ನು ಸರಿಮಾಡಿರಿ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ನಾಲ್ಕೂ ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಬೇಕು. ಹೊಸ ಬುಷ್ ಕೂತುಕೊಳ್ಳುವಾಗ ಅವು ಸ್ವಲ್ಪ ಸಡಿಲವಾಗಿರುವ ಸಾಧ್ಯತೆ ಇರುತ್ತದೆ.